ಟವರ್ ಇದೆ, ಸಿಗ್ನಲ್ ಇಲ್ಲ: ನಿಮ್ಮ ಫೋನಿನ ಬ್ಯಾಂಡ್‌ಗಳನ್ನು ನಿರ್ಧರಿಸಿದ್ದು ಯಾರು?

2024ರ ಜುಲೈ ಮೊದಲ ವಾರ ಜಿಯೋ, ಏರ್‌ಟೆಲ್, ವಿ ಮೂರೂ ಕಂಪನಿಗಳು ಒಂದರ ಹಿಂದೊಂದು ರೀಚಾರ್ಜ್ ದರ ಏರಿಸಿದವು. 'ಬಿಎಸ್‌ಎನ್‌ಎಲ್‌ಗೆ ವಾಪಸ್ ಹೋಗೋಣ' ಎಂಬ ಕರೆ ಸೋಷಿಯಲ್ ಮೀಡಿಯಾದಲ್ಲಿ ಓಡಾಡಿತು. ಲಕ್ಷಾಂತರ ಜನ ನಂಬರ್ ಪೋರ್ಟ್ ಮಾಡಿಸಿಕೊಂಡರು. ಅದಾದ ಮೇಲೆ ನನಗೆ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಒಂದು ಪದೇ ಪದೇ ಕಾಣಿಸಿಕೊಳ್ಳುತ್ತೆ. ಊರಲ್ಲಿ ಬಿಎಸ್‌ಎನ್‌ಎಲ್ ಹೊಸ ಟವರ್ ಹಾಕಿದೆ, ಅಕ್ಕನ ಫೋನಲ್ಲಿ 4ಜಿ ಬರ್ತಿದೆ, ನನ್ನ ಫೋನಲ್ಲಿ ಬರ್ತಿಲ್ಲ. ಸಿಮ್ ಒಂದೇ ಕಂಪನಿಯದು, ಫೋನೂ 4ಜಿ ಫೋನೇ. ಹಾಗಾದ್ರೆ ತೊಂದರೆ ಎಲ್ಲಿ?

ಚಿಕ್ಕ ಉತ್ತರ: ಬಹುಪಾಲು ಸಂದರ್ಭಗಳಲ್ಲಿ ಟವರ್ ಮಾತಾಡುವ ಬ್ಯಾಂಡ್ ನಿಮ್ಮ ಫೋನಿಗೆ ಕೇಳಿಸುತ್ತಿಲ್ಲ. ದೊಡ್ಡ ಉತ್ತರಕ್ಕೆ ಸ್ವಲ್ಪ ಭೌತಶಾಸ್ತ್ರ, ಸ್ವಲ್ಪ ಇತಿಹಾಸ, ಜಾಸ್ತಿ ರಾಜಕಾರಣ ಬೇಕು. ಯಾವ ತರಂಗಾಂತರವನ್ನು ಸರ್ಕಾರ ಯಾವಾಗ, ಎಷ್ಟಕ್ಕೆ ಹರಾಜಿಗಿಟ್ಟಿತು, ಯಾವ ಕಂಪನಿ ಅದನ್ನು ಕೊಂಡಿತು ಅನ್ನೋದರ ಮೇಲೆ ನಿಮ್ಮ ಜೇಬಿನಲ್ಲಿರುವ ಫೋನಿನ ಹಣೆಬರಹ ನಿಂತಿದೆ. ಈ ಲೇಖನದಲ್ಲಿ ಅದನ್ನು ಒಂದೊಂದಾಗಿ ಬಿಡಿಸಿ ನೋಡೋಣ.

'4ಜಿ' ಅಂದರೆ ಒಂದೇ ಅಲ್ಲ

4ಜಿ, 5ಜಿ ಅನ್ನೋದು ಟವರ್ ಮತ್ತು ಫೋನ್ ಮಾತಾಡುವ ಭಾಷೆಯ ಹೆಸರು. ಆ ಭಾಷೆಯನ್ನು ರೇಡಿಯೋ ಅಲೆಗಳ ಯಾವ ಪಟ್ಟಿಯಲ್ಲಿ ಆಡಬೇಕು ಅನ್ನೋದು ಬೇರೆಯೇ ವಿಷಯ. ಆ ಪಟ್ಟಿಗಳಿಗೇ ಬ್ಯಾಂಡ್ ಅಂತ ಹೆಸರು. ಜಗತ್ತಿನ ಮೊಬೈಲ್ ತಂತ್ರಜ್ಞಾನದ ಮಾನದಂಡ ರೂಪಿಸುವ ಸಂಸ್ಥೆ ಪ್ರತಿ ಪಟ್ಟಿಗೂ ಒಂದು ನಂಬರ್ ಕೊಟ್ಟಿದೆ. ಭಾರತದಲ್ಲಿ ಚಾಲ್ತಿಯಲ್ಲಿರುವ ಮುಖ್ಯವಾದವು ಇವು:

- 700 ಮೆಗಾಹರ್ಟ್ಸ್: ಬ್ಯಾಂಡ್ 28
- 850 ಮೆಗಾಹರ್ಟ್ಸ್: ಬ್ಯಾಂಡ್ 5 (ನಮ್ಮ ಹರಾಜಿನ ದಾಖಲೆಗಳಲ್ಲಿ ಇದನ್ನು 800 ಅಂತಲೇ ಕರೆಯುತ್ತಾರೆ)
- 900 ಮೆಗಾಹರ್ಟ್ಸ್: ಬ್ಯಾಂಡ್ 8
- 1800 ಮೆಗಾಹರ್ಟ್ಸ್: ಬ್ಯಾಂಡ್ 3
- 2100 ಮೆಗಾಹರ್ಟ್ಸ್: ಬ್ಯಾಂಡ್ 1
- 2300 ಮೆಗಾಹರ್ಟ್ಸ್: ಬ್ಯಾಂಡ್ 40
- 2500 ಮೆಗಾಹರ್ಟ್ಸ್: ಬ್ಯಾಂಡ್ 41
- 3300 ಮೆಗಾಹರ್ಟ್ಸ್ ಆಸುಪಾಸು, 5ಜಿಗೆ: ಎನ್78
- 26 ಗಿಗಾಹರ್ಟ್ಸ್, 5ಜಿಗೆ: ಎನ್258

5ಜಿ ಬ್ಯಾಂಡ್‌ಗಳ ಹೆಸರಿನ ಮುಂದೆ 'ಎನ್' ಸೇರಿಸುತ್ತಾರೆ. 700ರಲ್ಲೇ 5ಜಿ ನಡೆಸಿದರೆ ಅದು ಎನ್28. ಇಲ್ಲೊಂದು ಸೂಕ್ಷ್ಮ ಇದೆ. ಫೋನು ಎನ್28 ಹಿಡಿಯುತ್ತೆ ಅಂದಮಾತ್ರಕ್ಕೆ 4ಜಿಯ ಬ್ಯಾಂಡ್ 28 ಕೂಡ ಹಿಡಿಯುತ್ತೆ ಅಂತ ಖಾತ್ರಿಯಿಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಕೆಳಗಿನ ಬ್ಯಾಂಡ್ ದೂರಕ್ಕೆ, ಮೇಲಿನದು ವೇಗಕ್ಕೆ

700 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 43 ಸೆಂಟಿಮೀಟರ್. 3300ರದ್ದು ಸುಮಾರು 9 ಸೆಂಟಿಮೀಟರ್. 26 ಗಿಗಾಹರ್ಟ್ಸ್‌ನದ್ದು ಒಂದು ಸೆಂಟಿಮೀಟರಿಗಿಂತ ತುಸು ಜಾಸ್ತಿ ಅಷ್ಟೇ. ಒಂದೇ ಬಗೆಯ ಆಂಟೆನಾ, ಒಂದೇ ದೂರ, ನಡುವೆ ಯಾವ ಅಡ್ಡಿಯೂ ಇಲ್ಲ ಅಂತಿಟ್ಟುಕೊಂಡರೂ 3300ರಲ್ಲಿ ಫೋನಿಗೆ ತಲುಪುವ ಶಕ್ತಿ 700ರಲ್ಲಿ ತಲುಪುವುದಕ್ಕಿಂತ ಸುಮಾರು 22 ಪಟ್ಟು ಕಡಿಮೆ. ಇನ್ನು ನಡುವೆ ಗೋಡೆ, ಗುಡ್ಡ, ಒದ್ದೆ ಎಲೆಗಳ ಕಾಡು ಬಂದರೆ ಅಂತರ ಮತ್ತೂ ಹೆಚ್ಚುತ್ತೆ. ಮಲೆನಾಡಿನ ಕಣಿವೆಯಲ್ಲಿ ಒಂದು ಟವರಿನಿಂದ ನಾಲ್ಕು ಹಳ್ಳಿಗೆ ಸಿಗ್ನಲ್ ಮುಟ್ಟಿಸಬೇಕಂದ್ರೆ ಕೆಳಗಿನ ಬ್ಯಾಂಡ್‌ಗಳೇ ಗತಿ.

ಆದರೆ ಕೆಳಗಿನ ಬ್ಯಾಂಡ್‌ಗಳಲ್ಲಿ ಜಾಗ ಕಮ್ಮಿ. 700ರಲ್ಲಿ ಒಂದು ಕಂಪನಿಗೆ ಸಿಕ್ಕಿರುವುದು ಹೋಗೋಕೆ 10, ಬರೋಕೆ 10 ಮೆಗಾಹರ್ಟ್ಸ್. 3300ರಲ್ಲಿ ಜಿಯೋ ಮತ್ತು ಏರ್‌ಟೆಲ್‌ಗೆ ತಲಾ 100 ಮೆಗಾಹರ್ಟ್ಸ್‌ನಷ್ಟು ಅಗಲದ ಪಟ್ಟಿಯಿದೆ. ಪಟ್ಟಿ ಅಗಲವಾದಷ್ಟೂ ಡೇಟಾ ಜಾಸ್ತಿ ಹರಿಯುತ್ತೆ. ಜಯನಗರದಂಥ ಜನನಿಬಿಡ ಬಡಾವಣೆಗೆ ಮೇಲಿನ ಬ್ಯಾಂಡ್ ಲಾಭದಾಯಕ. ಹೊಸನಗರ, ಜೋಯಿಡಾದಂಥ ತಾಲ್ಲೂಕಿಗೆ ಕೆಳಗಿನ ಬ್ಯಾಂಡ್ ಅನಿವಾರ್ಯ. ಕಂಪನಿಯೊಂದು ಯಾವ ಬ್ಯಾಂಡ್‌ಗೆ ದುಡ್ಡು ಸುರಿಯುತ್ತೆ ಅಂತ ನೋಡಿದ್ರೆ ಅದಕ್ಕೆ ಯಾವ ಗ್ರಾಹಕ ಬೇಕಾಗಿದ್ದಾನೆ ಅನ್ನೋದೂ ಹೆಚ್ಚುಕಡಿಮೆ ಗೊತ್ತಾಗುತ್ತೆ.

ಫೋನು ಎಲ್ಲ ಬ್ಯಾಂಡನ್ನೂ ಯಾಕೆ ಹಿಡಿಯಲ್ಲ?

ಎಂಜಿನಿಯರಿಂಗ್ ಓದುವಾಗ ನಮಗೆ ಮೊದಲು ಹೇಳಿಕೊಡುತ್ತಿದ್ದ ಪಾಠ: ರೇಡಿಯೋದಲ್ಲಿ ಕೇಳಿಸಿಕೊಳ್ಳೋದಕ್ಕಿಂತ ಕಷ್ಟದ ಕೆಲಸ ಬೇಡದ್ದನ್ನು ಕೇಳಿಸಿಕೊಳ್ಳದೇ ಇರೋದು. ಗಾಳಿಯಲ್ಲಿ ಒಂದೇ ಕ್ಷಣದಲ್ಲಿ ಹತ್ತಾರು ಬಗೆಯ ಅಲೆಗಳಿರುತ್ತವೆ. ಅದರಲ್ಲಿ ತನಗೆ ಬೇಕಾದ ಪಟ್ಟಿಯನ್ನಷ್ಟೇ ಸೋಸಿಕೊಳ್ಳಲು ಫೋನಿನೊಳಗೆ ಆ ಬ್ಯಾಂಡ್‌ಗೆ ಹೊಂದುವ ಫಿಲ್ಟರ್ ಬೇಕು. ಟವರಿಗೆ ತಿರುಗಿ ಕೂಗಿ ಹೇಳಲು ಆ ಬ್ಯಾಂಡ್‌ನಲ್ಲಿ ಕೆಲಸ ಮಾಡುವ ಆಂಪ್ಲಿಫೈಯರ್ ಬೇಕು, ಆ ಅಲೆಯ ಉದ್ದಕ್ಕೆ ಒಗ್ಗುವ ಆಂಟೆನಾ ಬೇಕು. ಒಳಗಿರುವ ಮುಖ್ಯ ಚಿಪ್‌ಗೆ ಹತ್ತಾರು ಬ್ಯಾಂಡ್‌ಗಳ ಭಾಷೆ ಗೊತ್ತಿರಬಹುದು. ಆದರೆ ಅದರ ಮುಂದಿನ ಈ ಬಿಡಿಭಾಗಗಳನ್ನು ತಯಾರಕರು ಜೋಡಿಸದಿದ್ದರೆ ಆ ಜ್ಞಾನ ಕೆಲಸಕ್ಕೆ ಬರಲ್ಲ.

ಹೀಗಾಗಿ ಪ್ರತಿ ಬ್ಯಾಂಡ್‌ಗೂ ಒಂದಿಷ್ಟು ಖರ್ಚು, ಒಂದಿಷ್ಟು ಜಾಗ ಬೇಕು. 60 ಸಾವಿರದ ಫೋನಿಗೆ ಅದು ಲೆಕ್ಕಕ್ಕಿಲ್ಲ. 8 ಸಾವಿರದ ಫೋನು ಮಾಡುವವರು ಮಾತ್ರ ರೂಪಾಯಿ ರೂಪಾಯಿ ಎಣಿಸುತ್ತಾರೆ. ಮಾರುಕಟ್ಟೆಯಲ್ಲಿ ಯಾವ ಕಂಪನಿಯೂ ಬಳಸದ ಬ್ಯಾಂಡನ್ನು ಅವರು ಮೊದಲು ಕೈಬಿಡುತ್ತಾರೆ. ಒಂದೇ ಹೆಸರಿನ ಫೋನು ಭಾರತಕ್ಕೊಂದು, ಚೀನಾಕ್ಕೊಂದು, ಅಮೆರಿಕಕ್ಕೊಂದು ಮಾಡೆಲ್ ನಂಬರಿನಲ್ಲಿ ಬರೋದು ಇದೇ ಕಾರಣಕ್ಕೆ. ಹೊರಗೆ ನೋಡಿದರೆ ಎಲ್ಲ ಒಂದೇ ಇದ್ದರೂ ಒಳಗಿನ ಫಿಲ್ಟರ್‌ಗಳು ಬೇರೆ.

ಹಾರ್ಡ್‌ವೇರ್‌ನಲ್ಲಿ ಇಲ್ಲದ ಬ್ಯಾಂಡನ್ನು ಯಾವ ಅಪ್‌ಡೇಟ್ ಕೂಡ ತಂದುಕೊಡಲಾರದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬೆಂಗಳೂರಿಗೆ 4ಜಿ ಬಂತು, ಫೋನು ಇರಲಿಲ್ಲ

ಈ ಸಮಸ್ಯೆ ನಮಗೆ ಹೊಸದಲ್ಲ. 2010ರಲ್ಲಿ ಕೇಂದ್ರ ಸರ್ಕಾರ 2300 ಮೆಗಾಹರ್ಟ್ಸ್ ಹರಾಜು ಹಾಕಿದಾಗ ಏರ್‌ಟೆಲ್‌ಗೆ ಸಿಕ್ಕ ನಾಲ್ಕು ವಲಯಗಳಲ್ಲಿ ಕರ್ನಾಟಕವೂ ಒಂದು. 22 ವಲಯಗಳಲ್ಲೂ ಗೆದ್ದಿದ್ದು ಇನ್ಫೋಟೆಲ್ ಬ್ರಾಡ್‌ಬ್ಯಾಂಡ್ ಎಂಬ ಕಂಪನಿ. ಅದನ್ನು ಕೂಡಲೇ ರಿಲಯನ್ಸ್ ಕೊಂಡುಕೊಂಡಿತು. ಅದೇ ಮುಂದೆ ಜಿಯೋ ಆಯ್ತು.

ಏರ್‌ಟೆಲ್ 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದಲ್ಲಿ, ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 4ಜಿ ಶುರುಮಾಡಿತು. ದೇಶದಲ್ಲೇ ಎರಡನೇ ನಗರ ನಮ್ಮದು. ಆದರೆ ಜನರಿಗೆ ಸಿಕ್ಕಿದ್ದು ಡಾಂಗಲ್ ಮತ್ತು ಮನೆಯಲ್ಲಿಡುವ ಮೋಡೆಮ್. ಬ್ಯಾಂಡ್ 40 ಹಿಡಿಯುವ ಫೋನು ಅಂಗಡಿಯಲ್ಲಿ ಇರಲೇ ಇಲ್ಲ. ಅಮೆರಿಕ, ಯುರೋಪುಗಳ 4ಜಿ ಬೇರೆ ಬ್ಯಾಂಡ್‌ಗಳಲ್ಲಿತ್ತು. ದೊಡ್ಡ ಫೋನ್ ಕಂಪನಿಗಳು ಅವುಗಳಿಗೇ ಫೋನು ಮಾಡುತ್ತಿದ್ದವು. ಅದೇ ವರ್ಷ ಆ್ಯಪಲ್ 4ಜಿ ಹೆಸರಿನ ಐಪ್ಯಾಡ್ ಬಿಟ್ಟಿತು. ಅದು ಅಮೆರಿಕ ಮತ್ತು ಕೆನಡಾದ ಬ್ಯಾಂಡ್‌ಗಳನ್ನಷ್ಟೇ ಹಿಡಿಯುತ್ತಿತ್ತು. ಆಸ್ಟ್ರೇಲಿಯಾದ ಗ್ರಾಹಕ ಆಯೋಗ 'ಇಲ್ಲಿನ 4ಜಿಯಲ್ಲಿ ಕೆಲಸ ಮಾಡದ ಸಾಧನವನ್ನು 4ಜಿ ಅಂತ ಮಾರಿದ್ದೀರಿ' ಎಂದು ಆ್ಯಪಲನ್ನು ಕೋರ್ಟಿಗೆಳೆಯಿತು. 22.5 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ಬೆಂಗಳೂರಿನ 2300ರಲ್ಲೂ ಆ ಐಪ್ಯಾಡ್ 4ಜಿ ಹಿಡಿಯುವಂತಿರಲಿಲ್ಲ.

ಬ್ಯಾಂಡ್ 40ಕ್ಕೆ ಫೋನುಗಳು ಬಂದಿದ್ದು ಚೀನಾದಿಂದಾಗಿ. ಚೈನಾ ಮೊಬೈಲ್ ಇದೇ ಬಗೆಯ 4ಜಿಯನ್ನು ದೇಶದ ತುಂಬ ಹಬ್ಬಿಸಿತು, ಕೋಟಿಗಟ್ಟಲೆ ಫೋನು ಬೇಕಾಯ್ತು, ಬೆಲೆ ಇಳಿಯಿತು. 2016ರ ಸೆಪ್ಟೆಂಬರ್ 5ಕ್ಕೆ ಜಿಯೋ ಬರುವ ಹೊತ್ತಿಗೆ 850, 1800, 2300 ಮೂರನ್ನೂ ಹಿಡಿಯುವ ಅಗ್ಗದ ಫೋನುಗಳು ಸಿಗುವಂತಾಗಿತ್ತು. ಇದರಲ್ಲೊಂದು ಪಾಠ ಇದೆ. ನೀವು ಯಾವ ಬ್ಯಾಂಡ್ ಆರಿಸಿಕೊಂಡಿರಿ ಅನ್ನೋದರಷ್ಟೇ ಮುಖ್ಯ, ಅದನ್ನು ಜಗತ್ತಿನಲ್ಲಿ ಇನ್ನೂ ಯಾರು ಆರಿಸಿಕೊಂಡಿದ್ದಾರೆ ಅನ್ನೋದು.

700ರ ಕಥೆ: ಬೆಲೆ ಏರಿಸಿ ಕೂತ ಆರು ವರ್ಷ

ಈಗ ಬಿಎಸ್‌ಎನ್‌ಎಲ್ ಪ್ರಶ್ನೆಗೆ ಬರೋಣ. ಗ್ರಾಮೀಣ ಭಾರತಕ್ಕೆ ಹೇಳಿ ಮಾಡಿಸಿದ ಬ್ಯಾಂಡ್ 700. ಸರ್ಕಾರ ಅದನ್ನು ಮೊದಲ ಸಲ ಹರಾಜಿಗಿಟ್ಟಿದ್ದು 2016ರಲ್ಲಿ. ಮೂಲಬೆಲೆ, ದೇಶಕ್ಕೆಲ್ಲ ಸೇರಿ ಪ್ರತಿ ಮೆಗಾಹರ್ಟ್ಸ್‌ಗೆ 11,485 ಕೋಟಿ ರೂಪಾಯಿ. ಒಬ್ಬರೂ ಕೊಳ್ಳಲಿಲ್ಲ. 2021ರಲ್ಲಿ 6,568 ಕೋಟಿಗೆ ಇಳಿಸಿದರು. ಆಗಲೂ ಯಾರೂ ಬರಲಿಲ್ಲ. 2022ರಲ್ಲಿ 3,927 ಕೋಟಿಗೆ ಇಳಿದಾಗ ಜಿಯೋ ಒಂದೇ ಮುಂದೆ ಬಂದು 22 ವಲಯಗಳಲ್ಲೂ 10 ಮೆಗಾಹರ್ಟ್ಸ್ ಜೋಡಿ ಕೊಂಡಿತು. ಆ ಹರಾಜಿನಲ್ಲಿ ಸರ್ಕಾರಕ್ಕೆ ಒಟ್ಟು 1.5 ಲಕ್ಷ ಕೋಟಿ ರೂಪಾಯಿ ಬಂತು ಅಂತ ಎಲ್ಲ ಕಡೆ ಹೆಡ್‌ಲೈನ್ ಆಯ್ತು. 700 ಆರು ವರ್ಷ ಖಾಲಿ ಬಿದ್ದಿದ್ದು ಹೆಡ್‌ಲೈನ್ ಆಗಲಿಲ್ಲ.

ಆ ಆರು ವರ್ಷಗಳಲ್ಲಿ ಏನಾಯ್ತು ನೋಡಿ. ಜಿಯೋ ಬಂದ ಮೇಲೆ ಭಾರತದಲ್ಲಿ 4ಜಿ ಫೋನಿನ ದೊಡ್ಡ ಮಾರಾಟ ನಡೆದಿದ್ದೇ ಈ ಅವಧಿಯಲ್ಲಿ. ಯಾರೂ ಬಳಸದ 700ಕ್ಕೆ ಅಗ್ಗದ ಫೋನಿನವರು ಫಿಲ್ಟರ್ ಯಾಕೆ ಹಾಕ್ತಾರೆ? ಆಗಿನ ಹಲವು ಜನಪ್ರಿಯ ಮಾಡೆಲ್‌ಗಳ ಪಟ್ಟಿಯಲ್ಲಿ ಇದ್ದಿದ್ದು 1, 3, 5, 8, 40, 41. ಬ್ಯಾಂಡ್ 28 ಇಲ್ಲ.

2023ರ ಜೂನ್‌ನಲ್ಲಿ ಕೇಂದ್ರ ಸಂಪುಟ ಬಿಎಸ್‌ಎನ್‌ಎಲ್‌ಗೆ 89,047 ಕೋಟಿ ರೂಪಾಯಿಯ ಪುನಶ್ಚೇತನ ಪ್ಯಾಕೇಜ್ ಕೊಟ್ಟಿತು. ಅದರಲ್ಲಿ ದೊಡ್ಡ ಪಾಲು 700 ಮೆಗಾಹರ್ಟ್ಸ್ ಹಂಚಿಕೆಯದ್ದು, 22 ವಲಯಗಳಲ್ಲಿ ತಲಾ 10 ಮೆಗಾಹರ್ಟ್ಸ್ ಜೋಡಿ, ಲೆಕ್ಕಕ್ಕೆ 46,338 ಕೋಟಿ ರೂಪಾಯಿ. ಟಿಸಿಎಸ್, ತೇಜಸ್, ಸಿ-ಡಾಟ್ ಸೇರಿ ಕಟ್ಟಿದ ಸ್ವದೇಶಿ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡದಲ್ಲಿ ಪ್ರಧಾನಿ ಉದ್ಘಾಟಿಸಿದರು. ಬಿಎಸ್‌ಎನ್‌ಎಲ್ 4ಜಿ ಮುಖ್ಯವಾಗಿ ನಡೆಯುವುದು 700 ಮತ್ತು 2100ರಲ್ಲಿ, ಅಂದರೆ ಬ್ಯಾಂಡ್ 28 ಮತ್ತು ಬ್ಯಾಂಡ್ 1.

ಟವರಿನ ಹತ್ತಿರ ಇದ್ದರೆ ಹಳೆ ಫೋನೂ ಬ್ಯಾಂಡ್ 1 ಹಿಡಿದುಕೊಳ್ಳುತ್ತೆ. ದೂರ ಹೋದ ಹಾಗೆ, ಮನೆಯೊಳಗೆ ಹೊಕ್ಕ ಹಾಗೆ 2100 ಮೊದಲು ಸೋಲುತ್ತೆ, 700 ಉಳಿದುಕೊಳ್ಳುತ್ತೆ. ಆಗ ಅಕ್ಕನ ಹೊಸ ಫೋನಲ್ಲಿ 4ಜಿ, ನಿಮ್ಮ ಹಳೆಯದರಲ್ಲಿ ಬರೀ 2ಜಿ ಅಥವಾ ಏನೂ ಇಲ್ಲ. ದರ ಏರಿಕೆ ತಾಳಲಾರದೆ ಬಿಎಸ್‌ಎನ್‌ಎಲ್‌ಗೆ ಬಂದವರು ಯಾರು? ಹೊಸ ಫೋನು ಕೊಳ್ಳಲು ದುಡ್ಡಿಲ್ಲದವರೇ ಅದರಲ್ಲಿ ಹೆಚ್ಚು ಅಂತ ಊಹಿಸೋದು ಕಷ್ಟವಲ್ಲ. ಯಾರಿಗಾಗಿ ಈ ಜಾಲ ಕಟ್ಟಿದ್ದೀವಿ ಅಂತ ಸರ್ಕಾರ ಹೇಳುತ್ತೋ ಅವರ ಕೈಲಿರುವ ಫೋನಿಗೇ ಅದು ಕಾಣಿಸದಿರುವ ಸಾಧ್ಯತೆ ಜಾಸ್ತಿ.

ಇದರ ತೂಕ ಅರ್ಥವಾಗಬೇಕಂದ್ರೆ ಇನ್ನೊಂದು ಸಂಖ್ಯೆ ನೋಡಿ. ಸಿಗ್ನಲ್ಲೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸುವ 26,316 ಕೋಟಿ ರೂಪಾಯಿಯ ಯೋಜನೆಯನ್ನು 2022ರ ಜುಲೈನಲ್ಲಿ ಸಂಪುಟ ಒಪ್ಪಿ, ಬಿಎಸ್‌ಎನ್‌ಎಲ್ ಕೈಗೆ ಕೊಟ್ಟಿತು. ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳ ಹುಡುಗರು 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಂತ ಅಭಿಯಾನ ಮಾಡಿದ್ದು ಇಂಥ ಟವರಿಗಾಗಿಯೇ. ಟವರ್ ಬಂದರೆ ಅರ್ಧ ಕೆಲಸ ಆದಂತೆ. ಅದು ಕೂಗುವುದನ್ನು ಕೇಳುವ ಫೋನು ಉಳಿದರ್ಧ.

ಯಾವ ಕಂಪನಿ, ಯಾವ ಬ್ಯಾಂಡ್

ವಲಯದಿಂದ ವಲಯಕ್ಕೆ ವ್ಯತ್ಯಾಸ ಇರುತ್ತೆ. ಸ್ಥೂಲ ಚಿತ್ರ ಹೀಗಿದೆ.

ಜಿಯೋ: 4ಜಿಗೆ ಬ್ಯಾಂಡ್ 3, 5, 40. 5ಜಿಗೆ ಎನ್28, ಎನ್78. ಇದರ 5ಜಿ 'ಸ್ಟ್ಯಾಂಡ್‌ಅಲೋನ್' ಬಗೆಯದ್ದು, ಅಂದರೆ 4ಜಿಯ ಆಸರೆ ಇಲ್ಲದೆ ತಾನೇ ನಿಲ್ಲುವಂಥದ್ದು. ಫೋನಿಗೂ ಆ ಸಾಮರ್ಥ್ಯ ಬೇಕು. ಎನ್28 ಇಲ್ಲದ 5ಜಿ ಫೋನು ರಸ್ತೆಯಲ್ಲಿ 5ಜಿ ತೋರಿಸಿ ಮನೆಯೊಳಗೆ 4ಜಿಗೆ ಇಳಿಯೋದುಂಟು.

ಏರ್‌ಟೆಲ್: 4ಜಿಗೆ ಬ್ಯಾಂಡ್ 1, 3, 8, 40. 5ಜಿಗೆ ಮುಖ್ಯವಾಗಿ ಎನ್78. ಇದರ ಮೊಬೈಲ್ 5ಜಿ ಶುರುವಾಗಿದ್ದು 4ಜಿಯ ಹೆಗಲ ಮೇಲೆ. 2019-20ರಲ್ಲಿ 3ಜಿ ಮುಚ್ಚಿ ಆ ಜಾಗವನ್ನು 4ಜಿಗೆ ಕೊಟ್ಟಿತು. 3ಜಿಗಷ್ಟೇ ಸೀಮಿತವಾಗಿದ್ದ ಸ್ಮಾರ್ಟ್‌ಫೋನುಗಳು ಅಲ್ಲಿಗೆ ಅದರ ಜಾಲದಲ್ಲಿ 2ಜಿ ಫೋನುಗಳಾದವು.

ವಿ: 4ಜಿಗೆ ಬ್ಯಾಂಡ್ 1, 3, 8, 41. 5ಜಿಗೆ ಎನ್78, 2025ರಲ್ಲಿ ಮುಂಬೈನಿಂದ ಶುರುವಾಗಿ ಬೆಂಗಳೂರಿಗೂ ಬಂದಿದೆ.

ಬಿಎಸ್‌ಎನ್‌ಎಲ್: 4ಜಿಗೆ ಬ್ಯಾಂಡ್ 1 ಮತ್ತು 28.

26 ಗಿಗಾಹರ್ಟ್ಸ್ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ಮಾರಾಟವಾಗುವ ಫೋನುಗಳಲ್ಲಿ ಅದು ವಿರಳ.

ಹಾರ್ಡ್‌ವೇರ್ ಇದ್ದರೂ ಬೀಗ

ಬ್ಯಾಂಡ್ ಇದ್ದಮಾತ್ರಕ್ಕೆ ಎಲ್ಲ ಸರಿಹೋಗಲ್ಲ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಉದ್ಘಾಟನೆಯಾಯ್ತು. ಐಫೋನ್ 12ರಿಂದಾಚೆಗಿನ ಫೋನುಗಳಲ್ಲಿ ಬೇಕಾದ ಹಾರ್ಡ್‌ವೇರ್ ಇತ್ತು. ಆದರೂ 5ಜಿ ಬರಲಿಲ್ಲ. ಆ್ಯಪಲ್ ಸಾಫ್ಟ್‌ವೇರ್‌ನಲ್ಲಿ ಅನುಮತಿ ಕೊಟ್ಟಿದ್ದು ಡಿಸೆಂಬರ್‌ನಲ್ಲಿ, ಐಒಎಸ್ 16.2ರ ಜೊತೆ. ಬೇರೆ ಕಂಪನಿಗಳ ಹಲವು ಫೋನುಗಳೂ ಅಪ್‌ಡೇಟ್‌ಗೆ ಕಾಯಬೇಕಾಯ್ತು. ನೀವು ದುಡ್ಡು ಕೊಟ್ಟು ಕೊಂಡ ಯಂತ್ರ ಯಾವ ಜಾಲದಲ್ಲಿ ಏನು ಮಾಡಬಹುದು ಅನ್ನೋದು ತಯಾರಕರು ಮತ್ತು ಆಪರೇಟರ್ ನಡುವಿನ ಪರೀಕ್ಷೆ, ಒಪ್ಪಂದಗಳ ಮೇಲೆ ನಿಂತಿರುತ್ತೆ.

ಕರೆಗಳ ವಿಷಯದಲ್ಲೂ ಇದೇ ಕಥೆ. 4ಜಿಯಲ್ಲಿ ಕರೆ ಮಾಡೋಕೆ ವೋಲ್ಟೆ ಬೇಕು. ಜಿಯೋಗೆ 2ಜಿ, 3ಜಿ ಜಾಲವೇ ಇಲ್ಲದ್ದರಿಂದ 2016ರಲ್ಲಿ ವೋಲ್ಟೆ ಇಲ್ಲದ 4ಜಿ ಫೋನಿನವರು ಕರೆಗೂ ಆ್ಯಪ್ ಹಾಕಿಕೊಳ್ಳಬೇಕಾಗಿತ್ತು. ಇವತ್ತೂ ಒಂದು ಫೋನಿನಲ್ಲಿ ವೋಲ್ಟೆ ಇದ್ದು, ಅದು ನಿರ್ದಿಷ್ಟ ಆಪರೇಟರ್‌ಗೆ ಸಕ್ರಿಯವಾಗಿರದೇ ಇರಬಹುದು. ಆಗ ಡೇಟಾಗೆ 4ಜಿ, ಕರೆ ಬಂದ ಕೂಡಲೇ 2ಜಿಗೆ ಜಾರಿಕೆ. 2ಜಿ ಸಿಗದ ಜಾಗದಲ್ಲಿ ಕರೆಯೇ ಇಲ್ಲ.

ಮೂರನೆಯದು ನೇರ ಬೀಗ. 2000ದ ದಶಕದಲ್ಲಿ ರಿಲಯನ್ಸ್ ಮತ್ತು ಟಾಟಾದ ಸಿಡಿಎಂಎ ಫೋನು ಬಳಸಿದವರಿಗೆ ನೆನಪಿರಬಹುದು: ಫೋನು ಬೇರೆ, ಸಿಮ್ ಬೇರೆ ಅನ್ನೋ ಮಾತೇ ಇರಲಿಲ್ಲ, ಕಂಪನಿ ಬಿಟ್ಟರೆ ಫೋನೂ ಬಿಟ್ಟಂತೆ. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನ್ ಕೂಡ ಜಿಯೋ ಸಿಮ್‌ಗಷ್ಟೇ ಕಟ್ಟಿಹಾಕಿದ್ದು. ಅಗ್ಗದ ಫೋನಿನ ಬೆಲೆಯಲ್ಲಿ ಬಿಟ್ಟುಹೋಗುವ ಸ್ವಾತಂತ್ರ್ಯವೂ ಸೇರಿರುತ್ತೆ.

ಬ್ಯಾಂಡ್ ನಂಬರೇ ಗೋಡೆಯಾದಾಗ

ಕಂಪನಿಗಳ ಬ್ಯಾಂಡ್ ಆಯ್ಕೆ ಮುಗ್ಧವಾಗಿಯೇ ಇರಬೇಕೆಂದಿಲ್ಲ ಅನ್ನೋದಕ್ಕೆ ಅಮೆರಿಕದ ಉದಾಹರಣೆ ಚೆನ್ನಾಗಿದೆ. 2008ರಲ್ಲಿ ಅಲ್ಲಿ 700ರ ಹರಾಜಾಯ್ತು. ದೈತ್ಯ ಕಂಪನಿ ಎಟಿ ಆ್ಯಂಡ್ ಟಿ ತನ್ನ ಫೋನುಗಳಿಗೆ ಬ್ಯಾಂಡ್ 17 ಆರಿಸಿಕೊಂಡಿತು. ಪಕ್ಕದ ತುಂಡು ಕೊಂಡ ಸಣ್ಣ ಕಂಪನಿಗಳಿಗೆ ಬೇಕಾಗಿದ್ದು ಬ್ಯಾಂಡ್ 12. ಬ್ಯಾಂಡ್ 17 ಪೂರ್ತಿಯಾಗಿ ಬ್ಯಾಂಡ್ 12ರ ಒಳಗೇ ಬರುತ್ತೆ. ಫೋನುಗಳು 12 ಹಿಡಿಯುವಂತಿದ್ದರೆ ಎಲ್ಲರ ಜಾಲವೂ ನಡೆಯುತ್ತಿತ್ತು. ಪಕ್ಕದ ಟಿವಿ ಚಾನೆಲ್‌ನ ಅಡಚಣೆಯ ಕಾರಣ ಮುಂದಿಟ್ಟು ಎಟಿ ಆ್ಯಂಡ್ ಟಿ 17ಕ್ಕೇ ಅಂಟಿಕೊಂಡಿತು. ಫೋನ್ ತಯಾರಕರು ದೊಡ್ಡ ಗಿರಾಕಿಯ ಹಿಂದೆ ಹೋದರು. ತರಂಗಾಂತರಕ್ಕೆ ದುಡ್ಡು ಸುರಿದ ಸಣ್ಣ ಕಂಪನಿಗಳ ಗ್ರಾಹಕರಿಗೆ ಫೋನೇ ಇಲ್ಲ! 2013ರಲ್ಲಿ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಒತ್ತಡದಲ್ಲಿ ಎಟಿ ಆ್ಯಂಡ್ ಟಿ ಬ್ಯಾಂಡ್ 12ಕ್ಕೆ ಒಪ್ಪಿಕೊಂಡಿತು. ನಿಯಂತ್ರಕರು ಮನಸ್ಸು ಮಾಡಿದರೆ ಫೋನಿನ ಫಿಲ್ಟರ್ ಕೂಡ ಬದಲಾಗುತ್ತೆ ಅನ್ನೋದಕ್ಕೆ ಇದು ಸಾಕ್ಷಿ.

ಆಸ್ಟ್ರೇಲಿಯಾ 2024ರಲ್ಲಿ 3ಜಿ ಮುಚ್ಚಿದಾಗ ಇನ್ನೊಂದು ಮುಖ ಕಂಡಿತು. 4ಜಿ ಡೇಟಾ ಓಡಿಸುವ ಎಷ್ಟೋ ಫೋನುಗಳು ತುರ್ತು ಕರೆಗೆ ಮಾತ್ರ 3ಜಿಯನ್ನೇ ನೆಚ್ಚಿಕೊಂಡಿದ್ದವು. ಅಂಥ ಫೋನುಗಳನ್ನು ಜಾಲದಿಂದಲೇ ಹೊರಗಿಡಬೇಕೆಂದು ಆಪರೇಟರ್‌ಗಳಿಗೆ ಸರ್ಕಾರ ಹೇಳಿತು. ನಮ್ಮಲ್ಲಿ 2ಜಿ ಮುಚ್ಚುವ ಮಾತು ಆಗಾಗ ಕೇಳಿಬರುತ್ತೆ. ಹಾಗೇನಾದರೂ ಆದರೆ ಕೀಪ್ಯಾಡ್ ಫೋನು ಹಿಡಿದಿರುವ ಅಜ್ಜಿ 112ಕ್ಕೆ ಕರೆ ಮಾಡೋದು ಹೇಗೆ ಅನ್ನೋದು ಮೊದಲ ಪ್ರಶ್ನೆಯಾಗಬೇಕು.

ಕೊಳ್ಳುವ ಮುಂಚೆ, ಪೋರ್ಟ್ ಮಾಡುವ ಮುಂಚೆ

ಒಂದು: ಫೋನಿನ ಹೆಸರಲ್ಲ, ಮಾಡೆಲ್ ನಂಬರ್ ನೋಡಿ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಫೋನ್' ಅಡಿಯಲ್ಲಿರುತ್ತೆ. ತಯಾರಕರ ವೆಬ್‌ಸೈಟಿನಲ್ಲಿ ಅದೇ ಮಾಡೆಲ್‌ನ ಬ್ಯಾಂಡ್ ಪಟ್ಟಿ ಹುಡುಕಿ.

ಎರಡು: 4ಜಿ ಸಾಲಿನಲ್ಲಿ 1, 3, 5, 8, 28, 40, 41 ಏಳೂ ಇದ್ದರೆ ಭಾರತದ ಯಾವ ಕಂಪನಿಗೆ ಹೋದರೂ ನಡೆಯುತ್ತೆ. 5ಜಿ ಸಾಲಿನಲ್ಲಿ ಎನ್28, ಎನ್78 ಎರಡೂ ಇರಲಿ.

ಮೂರು: ಅಮೆರಿಕದಿಂದ ಅಣ್ಣನೋ ಅತ್ತಿಗೆಯೋ ಫೋನು ತರುತ್ತಿದ್ದರೆ ಮೊದಲು ಆಪರೇಟರ್ ಲಾಕ್ ತೆಗೆಸಿದ್ದಾರಾ ಅಂತ ಕೇಳಿ. ಅಲ್ಲಿನ 700 ಬ್ಯಾಂಡ್‌ಗಳು 12, 13, 17. ನಮ್ಮ 28ಕ್ಕೂ ಅವಕ್ಕೂ ಸಂಬಂಧವಿಲ್ಲ. ದುಬಾರಿ ಮಾಡೆಲ್‌ಗಳಲ್ಲಿ ಎರಡೂ ಕಡೆಯವು ಇರುತ್ತವೆ, ಅಗ್ಗದವುಗಳಲ್ಲಿ 28, 40 ಇವೆಯಾ ಅಂತ ನೋಡಲೇಬೇಕು. ಐಫೋನ್ 14ರಿಂದಾಚೆಗೆ ಅಮೆರಿಕದ ಮಾಡೆಲ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇಸಿಮ್ ಮಾತ್ರ.

ನಾಲ್ಕು: ಹಳೆ ಬಿಎಸ್‌ಎನ್‌ಎಲ್ ಸಿಮ್ ಇದ್ದರೆ 4ಜಿ ಸಿಮ್‌ಗೆ ಬದಲಿಸಿಕೊಳ್ಳಿ. ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ವೋಲ್ಟೆ ಆನ್ ಇದೆಯಾ ನೋಡಿ.

ಐದು: ಪೋರ್ಟ್ ಮಾಡುವ ಮುಂಚೆ ಆ ಕಂಪನಿಯ ಸಿಮ್ ಇರುವ ಯಾರದ್ದಾದರೂ ಸಿಮ್ಮನ್ನು ನಿಮ್ಮ ಫೋನಿಗೆ ಹಾಕಿ, ನಿಮ್ಮ ಮನೆಯೊಳಗೆ ನಿಂತು ಒಂದು ಕರೆ ಮಾಡಿ. ಅವರ ಫೋನಲ್ಲಿ ಸಿಗ್ನಲ್ ಬಂದರೆ ಅದು ನಿಮ್ಮ ಫೋನಿಗೆ ಸಾಕ್ಷಿಯಾಗಲ್ಲ.

ನಾವು ಕೇಳಬೇಕಾದ್ದು

ಇಷ್ಟೆಲ್ಲ ಹುಡುಕಾಟವನ್ನು ಗ್ರಾಹಕರ ತಲೆಗೆ ಕಟ್ಟಿರೋದೇ ತಪ್ಪು ಅನ್ನೋದು ನನ್ನ ವಾದ. ಗಾಳಿಯಲೆಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2012ರಲ್ಲಿ 122 ಲೈಸೆನ್ಸ್‌ಗಳನ್ನು ರದ್ದುಮಾಡಿದಾಗ ನಾವು ತರಂಗಾಂತರವನ್ನು ಹಗರಣದ ಭಾಷೆಯಲ್ಲಿ ಮಾತಾಡೋದು ಕಲಿತೆವು: ಖಜಾನೆಗೆ ಎಷ್ಟು ಬಂತು, ಎಷ್ಟು ಹೋಯ್ತು. ಆ ಲೆಕ್ಕ ಬೇಕು. ಜೊತೆಗೆ ಇನ್ನೊಂದು ಲೆಕ್ಕವೂ ಬೇಕು: ಹಂಚಿದ ಅಲೆ ಎಷ್ಟು ಜನರ ಫೋನಿಗೆ ಕೇಳಿಸುತ್ತೆ?

ಅದಕ್ಕೆ ದೊಡ್ಡ ಕ್ರಾಂತಿಯೇನೂ ಬೇಕಿಲ್ಲ. ಫೋನಿನ ಪೆಟ್ಟಿಗೆ ಮೇಲೆ ಎಂಆರ್‌ಪಿ, ಐಎಂಇಐ ಅಚ್ಚು ಹಾಕುವ ಹಾಗೆ ಬ್ಯಾಂಡ್ ಪಟ್ಟಿಯನ್ನೂ, ಯಾವ ಆಪರೇಟರ್‌ನ ವೋಲ್ಟೆ ನಡೆಯುತ್ತೆ ಅನ್ನೋದನ್ನೂ ಹಾಕಿಸಬೇಕು. ಆಪರೇಟರ್‌ಗಳು ತಮ್ಮ ಕವರೇಜ್ ನಕ್ಷೆ ಪ್ರಕಟಿಸಬೇಕೆಂದು ಟ್ರಾಯ್ 2024ರ ನಿಯಮದಲ್ಲಿ ಹೇಳಿದೆ. 2ಜಿ, 4ಜಿ, 5ಜಿ ಅಂತ ಬಣ್ಣ ಹಚ್ಚಿದರೆ ಸಾಲದು, ಅದು ಯಾವ ಬ್ಯಾಂಡ್ ಅಂತಲೂ ತೋರಿಸಬೇಕು. ಕರ್ನಾಟಕದಲ್ಲಿ ಆ ಮಾಹಿತಿ ಕನ್ನಡದಲ್ಲಿರಬೇಕು. ದೇಶದಲ್ಲಿ ಮಾರುವ ಪ್ರತಿ 4ಜಿ ಫೋನೂ ಹಿಡಿಯಲೇಬೇಕಾದ ಕನಿಷ್ಠ ಬ್ಯಾಂಡ್‌ಗಳ ಪಟ್ಟಿಯೊಂದನ್ನು ಸರ್ಕಾರ ಮಾಡಬಹುದು. 2017ರಿಂದ ಪ್ರತಿ ಫೋನಿನಲ್ಲೂ ಪ್ಯಾನಿಕ್ ಬಟನ್ ಇರಬೇಕೆಂದು ಆದೇಶಿಸಿದ ಸರ್ಕಾರಕ್ಕೆ ಇದು ಅಸಾಧ್ಯವಲ್ಲ. ಹೀಗೆ ಮಾಡಿದರೆ ಅಗ್ಗದ ಫೋನಿನ ಬೆಲೆ ಸ್ವಲ್ಪ ಏರುತ್ತೆ ಅನ್ನೋ ಆಕ್ಷೇಪ ಬರುತ್ತೆ, ಅದು ನ್ಯಾಯವಾದದ್ದೇ. ಆದರೆ ಇವತ್ತು ಉಳಿಸಿದ ಆ ಹಣಕ್ಕೆ ನಾಳೆ ಆಪರೇಟರ್ ಬದಲಿಸುವಾಗ ಇಡೀ ಫೋನಿನ ಬೆಲೆಯನ್ನೇ ತೆರಬೇಕಾಗುತ್ತೆ.

ಮುಂದಿನ ಸರದಿ 600 ಮೆಗಾಹರ್ಟ್ಸ್‌ನದ್ದು. 2022ರಲ್ಲಿ ಅದನ್ನು ಹರಾಜಿಗಿಟ್ಟಾಗ ಯಾರೂ ಕೊಳ್ಳಲಿಲ್ಲ. 700ಕ್ಕಿಂತಲೂ ದೂರ ಮುಟ್ಟುವ ಅಲೆ ಅದು. ಈ ಸಲವೂ ಬರೀ ಬೆಲೆಯ ಲೆಕ್ಕ ಹಾಕುತ್ತಾ ಕೂತರೆ, ಅಷ್ಟರಲ್ಲಿ ಇನ್ನೊಂದಿಷ್ಟು ಕೋಟಿ ಫೋನುಗಳು ಆ ಬ್ಯಾಂಡ್ ಇಲ್ಲದೆಯೇ ಮಾರಾಟವಾಗಿರುತ್ತವೆ. ನಿಮ್ಮ ಸಂಸದರು ಮುಂದಿನ ಸಲ ಊರಿಗೊಂದು ಟವರ್ ತಂದೆ ಅಂತ ಫ್ಲೆಕ್ಸ್ ಕಟ್ಟಿಸಿದಾಗ ಕೇಳಿ: ಯಾವ ಬ್ಯಾಂಡ್, ಊರಿನ ಎಷ್ಟು ಫೋನಿಗೆ ಅದು ಕಾಣಿಸುತ್ತೆ?